ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮಿದುಳಿನ ತೊಂದರೆ ಶುರುವಾದದ್ದು ಯಾವಾಗ, ಹೇಗೆ?

ಈ ಸಂಚಿಕೆಗಾಗಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮಿದುಳಿನ ಕಾಯಿಲೆಗಳಿಗೆ ಸಂಬಂಧಿಸಿದವು. ಅನೇಕರು ಸ್ಕ್ಯಾನ್ ವರದಿಯ ಸಾಲುಗಳನ್ನು ಇದ್ದಂತೆಯೇ ಎತ್ತಿ ಬರೆದಿದ್ದಾರೆ. ಆದರೆ ತೊಂದರೆ ಯಾವ ದಿನ, ಯಾವ ಹೊತ್ತಿನಲ್ಲಿ, ಎಷ್ಟು ಬೇಗನೆ ಕಾಣಿಸಿಕೊಂಡಿತು ಎಂಬುದನ್ನು ತಿಳಿಸಿದವರು ಕಡಿಮೆ. ನರರೋಗ ತಜ್ಞರಿಗೆ ಮೊದಲು ಬೇಕಾಗುವುದು ಅದೇ ಮಾಹಿತಿ. ಕ್ಷಣಮಾತ್ರದಲ್ಲಿ ಬಂದದ್ದಾದರೆ ರಕ್ತನಾಳದ ತೊಂದರೆ ಅಥವಾ ಫಿಟ್ಸ್, ಗಂಟೆಗಳಲ್ಲಿ ಇಲ್ಲವೇ ಕೆಲವು ದಿನಗಳಲ್ಲಿ ಏರಿದ್ದಾದರೆ ಸೋಂಕು, ವಾರಗಟ್ಟಲೆ ಬೆಳೆದದ್ದಾದರೆ ಗಡ್ಡೆ ಅಥವಾ ತಲೆಬುರುಡೆಯೊಳಗೆ ಸೇರಿಕೊಂಡ ರಕ್ತ, ವರ್ಷಗಳ ಕಾಲ ಮೆಲ್ಲಗೆ ಆವರಿಸಿದ್ದಾದರೆ ನರಕೋಶಗಳ ಸವೆತ ಎಂಬ ಕ್ರಮದಲ್ಲಿ ನಮ್ಮ ಯೋಚನೆ ಸಾಗುತ್ತದೆ. ಅಪವಾದಗಳು ಇದ್ದೇ ಇವೆ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ಡಾಕ್ಟರೇ, ನನ್ನ ತಂದೆಯವರಿಗೆ 63 ವರ್ಷ. ಬಿಪಿ, ಶುಗರ್ ಎರಡೂ ಇವೆ. ಕಳೆದ ತಿಂಗಳು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಬಲಗೈಯಿಂದ ಲೋಟ ಜಾರಿ ಬಿತ್ತು, ಮಾತು ತೊದಲಿತು, ಬಾಯಿ ಒಂದು ಬದಿಗೆ ಎಳೆದಂತಾಯಿತು. ಅರ್ಧ ಗಂಟೆಯೊಳಗೆ ಎಲ್ಲವೂ ಸರಿಹೋಯಿತು. ಸಮೀಪದ ಕ್ಲಿನಿಕ್ಕಿನಲ್ಲಿ ನಿಶ್ಶಕ್ತಿ ಎಂದು ಹೇಳಿ ಡ್ರಿಪ್ ಹಾಕಿ ಕಳುಹಿಸಿದರು. ಈಗ ಎಂದಿನಂತೆ ತೋಟದ ಕೆಲಸ ಮಾಡುತ್ತಿದ್ದಾರೆ. ಇನ್ನೂ ಪರೀಕ್ಷೆ ಮಾಡಿಸಬೇಕೇ? (ಬ್ರಹ್ಮಾವರ)

ಉತ್ತರ: ಮಾಡಿಸಲೇಬೇಕು; ಇದನ್ನು ಓದಿದ ದಿನವೇ ಹೊರಡಿ. ನೀವು ವಿವರಿಸಿರುವುದು ನಿಶ್ಶಕ್ತಿಯಲ್ಲ. ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳವೊಂದು ಸ್ವಲ್ಪ ಹೊತ್ತು ಮುಚ್ಚಿಕೊಂಡು, ಹೆಪ್ಪು ತಾನಾಗಿಯೇ ಕರಗಿ ಮತ್ತೆ ತೆರೆದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಬಲಗೈಯ ಬಲವನ್ನೂ, ಹೆಚ್ಚಿನವರಲ್ಲಿ ಮಾತನ್ನೂ ನೋಡಿಕೊಳ್ಳುವುದು ಎಡಮಿದುಳು. ಆದ್ದರಿಂದಲೇ ಎರಡೂ ಒಟ್ಟಿಗೆ ಕೈಕೊಟ್ಟವು. ಇದಕ್ಕೆ ತಾತ್ಕಾಲಿಕ ಪಾರ್ಶ್ವವಾಯು ಅಥವಾ ಮಿನಿ ಸ್ಟ್ರೋಕ್ ಎನ್ನುತ್ತಾರೆ. ಇದಾದ ಮೇಲೆ ಮೂರು ತಿಂಗಳೊಳಗೆ ಬರುವ ದೊಡ್ಡ ಪಾರ್ಶ್ವವಾಯುಗಳಲ್ಲಿ ಸುಮಾರು ಅರ್ಧದಷ್ಟು ಮೊದಲ 2 ದಿನಗಳಲ್ಲೇ ಬರುತ್ತವೆ. ನಿಮ್ಮ ತಂದೆಯವರು ಆ ಅವಧಿಯನ್ನು ದಾಟಿದ್ದಾರೆ ಎಂಬುದು ಸಮಾಧಾನದ ವಿಷಯವೇ ಹೊರತು ಅಪಾಯ ಕಳೆಯಿತೆಂದಲ್ಲ. ಮಿದುಳಿನ ಎಂಆರ್‌ಐ, ಕತ್ತಿನ ರಕ್ತನಾಳಗಳ ಡಾಪ್ಲರ್, ಇಸಿಜಿ, ಎಕೋ, ಕೊಲೆಸ್ಟರಾಲ್ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, ಇಷ್ಟು ಆಗಬೇಕು. ಹೃದಯದ ಬಡಿತ ತಾಳ ತಪ್ಪಿದ್ದರೆ ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಅಂಥವರಿಗೆ ಕೊಡುವ ಔಷಧವೇ ಬೇರೆ.

ಮುಂದೆ ಇಂಥದ್ದು ಯಾರಿಗೇ ಆದರೂ ಏನು ಮಾಡಬೇಕೆಂಬುದನ್ನು ಮನೆಯವರೆಲ್ಲ ತಿಳಿದಿರಲಿ. ಮುಖ ಸೊಟ್ಟಗಾಗಿದೆಯೇ, ಎರಡೂ ಕೈ ಮುಂದೆ ಚಾಚಿದಾಗ ಒಂದು ಕೆಳಗೆ ಇಳಿಯುತ್ತದೆಯೇ, ಮಾತು ತೊದಲುತ್ತದೆಯೇ, ದೃಷ್ಟಿ ಅಥವಾ ನಡಿಗೆಯ ಸಮತೋಲ ಹಠಾತ್ತನೆ ತಪ್ಪಿದೆಯೇ ಎಂದು ನೋಡಿ. ಒಂದಿದ್ದರೂ 108ಕ್ಕೆ ಕರೆ ಮಾಡಿ, ಹಗಲು ರಾತ್ರಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಿರಿ. ಬಾಯಿಗೆ ನೀರು, ಚಹಾ, ಮಾತ್ರೆ ಏನನ್ನೂ ಹಾಕಬಾರದು; ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಾಘಾತದ ನೆನಪಿನಲ್ಲಿ ಆಸ್ಪಿರಿನ್ ನುಂಗಿಸುವವರಿದ್ದಾರೆ. ಪಾರ್ಶ್ವವಾಯುಗಳಲ್ಲಿ ಸುಮಾರು 85 ಶೇಕಡಾ ನಾಳ ಮುಚ್ಚಿ ಆಗುವಂಥವು, ಉಳಿದವು ನಾಳ ಒಡೆದು ರಕ್ತ ಸುರಿದು ಆಗುವಂಥವು. ಇದು ಯಾವುದೆಂದು ಸ್ಕ್ಯಾನ್ ಮಾಡದೆ ಹೇಳಲಾಗದು, ಮತ್ತು ಎರಡನೆಯದರಲ್ಲಿ ಆಸ್ಪಿರಿನ್ ಹಾನಿ ಮಾಡುತ್ತದೆ.

ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಆರಂಭವಾದ 4.5 ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗವೋ ಅಷ್ಟು ಲಾಭ. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆಯೂ ಇದೆ. ಅದನ್ನು ಸಾಮಾನ್ಯವಾಗಿ 6 ಗಂಟೆಯೊಳಗೆ, ಆಯ್ದ ಕೆಲವು ರೋಗಿಗಳಲ್ಲಿ 24 ಗಂಟೆಯವರೆಗೂ ಮಾಡಲಾಗುತ್ತದೆ. ಬೈಂದೂರು, ಶಂಕರನಾರಾಯಣ ಕಡೆಯವರಿಗೆ ಮಣಿಪಾಲದ ಆಸ್ಪತ್ರೆ ತಲುಪಲು ದಾರಿಯಲ್ಲೇ ಒಂದು ಗಂಟೆಗಿಂತ ಹೆಚ್ಚು ಕಳೆಯುತ್ತದೆ. ಅದಕ್ಕೂ ಮೊದಲು ಮನೆಯಲ್ಲಿ ಎಣ್ಣೆ ತಿಕ್ಕಿ, ನೆರೆಯವರ ಸಲಹೆ ಕೇಳಿ, ಸಂಜೆಯವರೆಗೆ ನೋಡೋಣ ಎಂದು ಕುಳಿತರೆ ಅವಧಿ ಮುಗಿದಿರುತ್ತದೆ. ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಂಡೇ ಹೊರಡಿ. ನಿದ್ದೆಯಿಂದ ಎದ್ದಾಗಲೇ ಕೈ ಬಿದ್ದಿದ್ದರೆ, ಹಿಂದಿನ ರಾತ್ರಿ ಮಲಗಿದ ಸಮಯವನ್ನೇ ವೈದ್ಯರು ಮೊದಲು ಲೆಕ್ಕಕ್ಕೆ ಹಿಡಿಯುತ್ತಾರೆ.

ಬಿಪಿ ಮಾತ್ರೆಯನ್ನು ತಲೆ ತಿರುಗಿದ ದಿನ ಮಾತ್ರ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಕಡೆ ವ್ಯಾಪಕವಾಗಿದೆ. ತಂದೆಯವರು ಆ ಸಾಲಿನವರೇ ಎಂದು ವಿಚಾರಿಸಿ ನೋಡಿ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು, ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇವೆಲ್ಲ ಸೇರಿದರೆ ಆ ಮಿತಿ ಮಧ್ಯಾಹ್ನದ ಊಟಕ್ಕೇ ದಾಟುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ಹದಿನೈದನೆಯ ವಯಸ್ಸಿನಿಂದ ಫಿಟ್ಸ್ ಇದೆ. ವಾಲ್‌ಪ್ರೊಯೇಟ್ ಮಾತ್ರೆಯಿಂದ ಮೂರು ವರ್ಷಗಳಲ್ಲಿ ಒಂದೇ ಸಲ, ಅದೂ ಬಯಲಾಟ ನೋಡಲು ರಾತ್ರಿಯಿಡೀ ಎಚ್ಚರವಿದ್ದ ಮರುದಿನ, ಬಂದಿದೆ. ಈಗ ಮದುವೆಯ ಮಾತುಕತೆ ನಡೆಯುತ್ತಿದೆ. ಗಂಡಿನ ಕಡೆಯವರಿಗೆ ಹೇಳಬೇಕೇ? ಮದುವೆಗೆ ಮೊದಲು ಮಾತ್ರೆ ನಿಲ್ಲಿಸಬಹುದೇ? ಇದು ಮಕ್ಕಳಿಗೂ ಬರುತ್ತದೆಯೇ? (ಕಾರ್ಕಳ)

ಉತ್ತರ: ಮಾತ್ರೆಯ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದರಲ್ಲಿ ತಡಮಾಡುವಂತಿಲ್ಲ. ಗರ್ಭಿಣಿಯರು ವಾಲ್‌ಪ್ರೊಯೇಟ್ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ಬೆಳವಣಿಗೆಯಲ್ಲಿ ದೋಷ ಉಂಟಾಗುವ, ಮುಂದೆ ಕಲಿಕೆ ಹಿಂದುಳಿಯುವ ಅಪಾಯ ಇತರ ಔಷಧಗಳಿಗಿಂತ ಹೆಚ್ಚು ಎಂಬುದು ಖಚಿತವಾಗಿದೆ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದಾಗ ಬಿಡುವಿಲ್ಲದೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಮದುವೆಗೆ ಕೆಲವು ತಿಂಗಳು ಮೊದಲೇ ನರರೋಗ ತಜ್ಞರನ್ನು ಕಂಡು, ಲೆವೆಟಿರಾಸಿಟಮ್ ಅಥವಾ ಲ್ಯಾಮೊಟ್ರಿಜಿನ್‌ನಂಥ ಔಷಧಕ್ಕೆ ಹಂತಹಂತವಾಗಿ ಬದಲಾಯಿಸಲು ಸಾಧ್ಯವೇ ಎಂದು ಕೇಳಿ. ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ಧರಿಸುವ ಮೊದಲೇ ಆರಂಭಿಸಬೇಕಾಗುತ್ತದೆ. ಪೂರ್ತಿ ನಿಲ್ಲಿಸುವ ಯೋಚನೆಯನ್ನು ಸಾಮಾನ್ಯವಾಗಿ ಕನಿಷ್ಠ 2 ವರ್ಷ ಒಂದೂ ಫಿಟ್ಸ್ ಇಲ್ಲದೆ ಕಳೆದ ಮೇಲೆ ಮಾಡುತ್ತೇವೆ. ಕೆಲವು ಬಗೆಯ ಅಪಸ್ಮಾರಗಳಲ್ಲಿ (ಫಿಟ್ಸ್ ಕಾಯಿಲೆಗಳಲ್ಲಿ) ಆಗಲೂ ಮಾಡುವುದಿಲ್ಲ. ಹದಿಹರೆಯದಲ್ಲಿ ಆರಂಭವಾಗಿ, ನಿದ್ದೆಗೆಟ್ಟ ಮರುದಿನ ಮರುಕಳಿಸುವ ಬಗೆ ಹಾಗೆ ಮಾತ್ರೆ ಬಿಡಲು ಒಪ್ಪದ ಬಗೆಗಳಲ್ಲೊಂದು. ಬೆಳಿಗ್ಗೆ ಎದ್ದಾಗ ಕೈಗಳು ಒಮ್ಮೆಲೇ ಜುಮ್ಮನೆ ಎಗರಿ, ಕೈಯಲ್ಲಿದ್ದ ಬಾಚಣಿಗೆಯೋ ಬ್ರಶ್ಶೋ ಹಾರಿ ಬೀಳುವುದುಂಟೇ ಎಂದು ಮಗಳನ್ನು ಕೇಳಿ, ಉಂಟಾದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಬಯಲಾಟವನ್ನು ಆಕೆ ಇನ್ನು ಮುಂದೆ ಕಾಲಮಿತಿಯ ಪ್ರದರ್ಶನದಲ್ಲಿ ನೋಡಲಿ.

ಗಂಡಿನ ಕಡೆಯವರಿಗೆ ಹೇಳಬೇಕೆಂಬುದೇ ನನ್ನ ಅಭಿಪ್ರಾಯ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಹೇಳಿದ್ದ ಮಾತನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಕಾನೂನಿನ ತೊಡಕು ಕಳೆದರೂ, ಮುಚ್ಚಿಟ್ಟು ಮದುವೆಯಾದ ಹೆಣ್ಣುಮಕ್ಕಳು ಮೊದಲು ಬಿಡುವುದು ಮಾತ್ರೆಯನ್ನೇ. ಹೊಸ ಮನೆಯಲ್ಲಿ ಎಲ್ಲರ ಕಣ್ಣು ತಪ್ಪಿಸಿ ದಿನಕ್ಕೆರಡು ಸಲ ನುಂಗುವುದು ಕಷ್ಟ. ಅದರ ಜೊತೆಗೆ ಮದುವೆಯ ವಾರದ ನಿದ್ದೆಗೇಡು, ಉಪವಾಸ, ಬಳಲಿಕೆ ಸೇರಿದರೆ ಫಿಟ್ಸ್ ಬರುವುದು ಬಹುತೇಕ ಖಂಡಿತ. ವರನನ್ನೂ ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಅವನೇ ಪ್ರಶ್ನೆ ಕೇಳಲಿ. ಫಿಟ್ಸ್ ಇರುವ ತಾಯಂದಿರ ಮಕ್ಕಳಲ್ಲಿ ಬಹುಪಾಲಿನವರಿಗೆ ಫಿಟ್ಸ್ ಬರುವುದಿಲ್ಲ.

ಫಿಟ್ಸ್ ಬಂದಾಗ ಕೈಗೆ ಕೀಲಿಗೊಂಚಲು ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಆ ಹೊತ್ತಿಗೆ ಕೈಯಲ್ಲಿದ್ದ ಕಬ್ಬಿಣಕ್ಕೆ ಕೀರ್ತಿ ಬರುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯಡಿಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅಥವಾ ಪ್ರಜ್ಞೆ ಮರಳುವ ಮೊದಲೇ ಇನ್ನೊಂದು ಬಂದರೆ ಆಸ್ಪತ್ರೆಗೆ ಒಯ್ಯಿರಿ. ಬಾವಿಯಿಂದ ನೀರು ಸೇದುವ ಕೆಲಸ, ಒಬ್ಬಳೇ ಹೊಳೆಗೆ ಇಳಿಯುವುದು, ಬಚ್ಚಲಿನ ಚಿಲಕ ಹಾಕಿಕೊಂಡು ಸ್ನಾನ ಮಾಡುವುದು ಮೂರೂ ಆಕೆಗೆ ಸದ್ಯ ಬೇಡ.

ಪ್ರಶ್ನೆ: ನಾವು ಅಪ್ಪಟ ಸಸ್ಯಾಹಾರಿಗಳು. ಆದರೂ ನನ್ನ ತಮ್ಮನ ಮಿದುಳಿನಲ್ಲಿ ಹಂದಿಮಾಂಸದ ಹುಳುವಿನ ಗಂಟು ಇದೆ ಎಂದು ಹೇಳಿದ್ದಾರೆ. ಇದು ಹೇಗೆ ಸಾಧ್ಯ? (ಉಡುಪಿ)

ಉತ್ತರ: ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯಬಹುದು, ಅದರ ಮೊಟ್ಟೆಗಳು ಅವರ ಮಲದ ಮೂಲಕ ಮಣ್ಣು, ನೀರು, ಸೊಪ್ಪು ತರಕಾರಿಗಳನ್ನು ಸೇರುತ್ತವೆ. ಸರಿಯಾಗಿ ತೊಳೆಯದ ಸೊಪ್ಪಿನಿಂದಲೋ, ಬಡಿಸಿದವರ ಶುಚಿಯಿಲ್ಲದ ಕೈಯಿಂದಲೋ ಆ ಮೊಟ್ಟೆಯನ್ನು ನುಂಗಿದವರ ಮಿದುಳಿನಲ್ಲಿ ಗಂಟು ಆಗುತ್ತದೆ. ಅದಕ್ಕೆ ಆಹಾರಪದ್ಧತಿಯ ಭೇದವಿಲ್ಲ. ಒಂದೇ ಗಂಟಾಗಿದ್ದರೆ ಚಿಕಿತ್ಸೆಯಿಂದ ಗುಣವಾಗುವ ಸಂಭವ ಚೆನ್ನಾಗಿಯೇ ಇದೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 74 ವರ್ಷ. ಮೂರು ವಾರಗಳಿಂದ ಮಾತಿನಲ್ಲಿ ಹಿಡಿತವಿಲ್ಲ, ಹಗಲಿಡೀ ತೂಕಡಿಸುತ್ತಾರೆ, ಎಡಗಾಲು ಎಳೆದು ನಡೆಯುತ್ತಾರೆ. ಅದಕ್ಕೂ ಮೊದಲು ಮನೆಯ ಲೆಕ್ಕವನ್ನೆಲ್ಲ ಅವರೇ ಬರೆಯುತ್ತಿದ್ದರು. ವಯಸ್ಸಾಯಿತು, ಅರಳುಮರಳು ಎಂದು ಎಲ್ಲರೂ ಹೇಳುತ್ತಿದ್ದಾರೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಒಮ್ಮೆ ಜಾರಿ ಬಿದ್ದಿದ್ದರು, ಆದರೆ ಆಗ ಗಾಯವೇನೂ ಆಗಿರಲಿಲ್ಲ. (ಕುಂದಾಪುರ)

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಕಾರಣ ಇರುವಂತಿದೆ. ಲೆಕ್ಕ ಬರೆಯುತ್ತಿದ್ದವರು ಮೂರು ವಾರಗಳಲ್ಲಿ ಹೀಗಾದರೆಂದರೆ ಅದನ್ನು ವಯಸ್ಸಿನ ಮರೆವು ಎಂದು ಬಿಡುವಂತಿಲ್ಲ. ವಯಸ್ಸಿನ ಮರೆಗುಳಿತನ ಅಷ್ಟು ಅವಸರ ಮಾಡುವುದಿಲ್ಲ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ, ಅದರ ಮೇಲ್ಮೈಯಿಂದ ಹೊದಿಕೆಗೆ ಹಾದುಹೋಗುವ ತೆಳುವಾದ ಅಭಿಧಮನಿಗಳು ಬಿಗಿದುಕೊಳ್ಳುತ್ತವೆ. ಚಿಕ್ಕದೊಂದು ಪೆಟ್ಟಿಗೂ ಅವು ಹರಿದು, ಹನಿಹನಿಯಾಗಿ ಒಸರಿದ ರಕ್ತ ವಾರಗಳ ಬಳಿಕ ಮಿದುಳನ್ನು ಒತ್ತುತ್ತದೆ. ಹೊರಗೆ ಗಾಯ, ಊತ ಏನೂ ಇರಬೇಕೆಂದಿಲ್ಲ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಸಂಭವ ಇನ್ನೂ ಹೆಚ್ಚು. ಇವತ್ತೇ ಸಿಟಿ ಸ್ಕ್ಯಾನ್ ಮಾಡಿಸಿ. ಸಂಶಯ ನಿಜವಾದರೆ ತಲೆಬುರುಡೆಯಲ್ಲಿ ಒಂದೆರಡು ಸಣ್ಣ ರಂಧ್ರ ಕೊರೆದು ರಕ್ತವನ್ನು ಹೊರತೆಗೆಯುತ್ತಾರೆ. ಮಿದುಳಿನ ಶಸ್ತ್ರಚಿಕಿತ್ಸೆಗಳಲ್ಲಿ ಇದು ಸರಳವಾದದ್ದು, ಹೆಚ್ಚಿನವರು ಮೊದಲಿನಂತಾಗುತ್ತಾರೆ.

ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಕೈಚೆಲ್ಲಬೇಡಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಕುಂದಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಮೂತ್ರದ ಸೋಂಕು, ಖಿನ್ನತೆ ಇವುಗಳಲ್ಲಿ ಯಾವುದಾದರೂ ಮುದುಕರನ್ನು ಹೀಗೆ ಮಂಕಾಗಿಸಬಹುದು. ಎಲ್ಲಕ್ಕೂ ಚಿಕಿತ್ಸೆ ಇದೆ. ಬಿ12 ಕೊರತೆ ಸಸ್ಯಾಹಾರಿಗಳಲ್ಲೂ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲೂ ಹೆಚ್ಚು. ಆಲ್ಜೈಮರ್ ಕಾಯಿಲೆ ಬೇರೆಯೇ ನಡಿಗೆಯದು. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ ಮೊದಲು ವರದಿ ಮಾಡಿದ ಈ ಕಾಯಿಲೆಯಲ್ಲಿ ಮಿದುಳಿನ ಕೋಶಗಳ ಹೊರಗೆ ಅಮಿಲಾಯ್ಡ್, ಒಳಗೆ ಟೌ ಎಂಬ ಪ್ರೋಟೀನುಗಳು ಗಂಟುಕಟ್ಟುತ್ತವೆ. ಮೊದಲು ಕುಂದುವುದು ಹೊಸ ನೆನಪು: ಐವತ್ತು ವರ್ಷ ಹಿಂದಿನ ಮದುವೆಯ ದಿಬ್ಬಣ ನೆನಪಿರುತ್ತದೆ, ಬೆಳಿಗ್ಗೆ ತಿಂದ ನೀರುದೋಸೆ ನೆನಪಿರುವುದಿಲ್ಲ. ಅದನ್ನು ಗುಣಪಡಿಸುವ ಔಷಧ ಇಲ್ಲ. ಡೊನೆಪೆಜಿಲ್‌ನಂಥವು ಕೆಲವರಿಗೆ ಕೆಲವು ಕಾಲ ಅಲ್ಪಸ್ವಲ್ಪ ನೆರವಾಗುತ್ತವೆ. ಹಾಗಿರುವಾಗ, ಗುಣವಾಗಬಲ್ಲ ಕಾರಣವೊಂದನ್ನು ಪರೀಕ್ಷಿಸದೆಯೇ ಆ ಪಟ್ಟಿ ಕಟ್ಟಿಬಿಡುವುದು ಅನ್ಯಾಯ.

ಪ್ರಶ್ನೆ: ನನಗೆ 58 ವರ್ಷ. ಒಂದು ವರ್ಷದಿಂದ ಗ್ಯಾಸಿನ ಮಾತ್ರೆಯನ್ನೂ, ತಲೆತಿರುಗುವಿಕೆಗೆ ಇನ್ನೊಂದನ್ನೂ ಬಿಡದೆ ತೆಗೆದುಕೊಳ್ಳುತ್ತಿದ್ದೇನೆ. ನಾಲ್ಕು ತಿಂಗಳಿಂದ ಎರಡೂ ಕೈ ನಡುಗುತ್ತಿವೆ, ನಡಿಗೆ ನಿಧಾನವಾಗಿದೆ. ಪಾರ್ಕಿನ್ಸನ್ ಆಗಿರಬಹುದೆಂಬ ಹೆದರಿಕೆ. ನಸುಗುನ್ನಿ ಬೀಜದ ಪುಡಿ ಒಳ್ಳೆಯದೆನ್ನುತ್ತಾರೆ, ನಿಜವೇ? (ಸುರತ್ಕಲ್)

ಉತ್ತರ: ಹೆದರುವ ಮೊದಲು ಆ ಮಾತ್ರೆಗಳ ಚೀಟಿಯನ್ನು ತೆಗೆದು ಓದಿ. ಗ್ಯಾಸಿನ ಮಾತ್ರೆಗಳಲ್ಲಿ ಲೆವೊಸಲ್ಪಿರೈಡ್, ವಾಂತಿಯ ಮಾತ್ರೆಯಲ್ಲಿ ಮೆಟೊಕ್ಲೊಪ್ರಮೈಡ್, ತಲೆತಿರುಗುವಿಕೆಯ ಮಾತ್ರೆಗಳಲ್ಲಿ ಸಿನ್ನರಿಜಿನ್ ಅಥವಾ ಫ್ಲುನರಿಜಿನ್ ಇರಬಹುದು. ಇವು ಮಿದುಳಿನಲ್ಲಿ ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ಮಾಡುವ ಕೆಲಸಕ್ಕೆ ತಡೆಯೊಡ್ಡುತ್ತವೆ. ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಪಾರ್ಕಿನ್ಸನ್‌ನಂತೆಯೇ ಕಾಣುವ ನಡುಕ, ಬಿಗಿತ, ಮಂದಗತಿ ಬರುತ್ತವೆ. ಹಳೆಯ ಚೀಟಿಯನ್ನೇ ಮೆಡಿಕಲ್ ಅಂಗಡಿಯಲ್ಲಿ ತೋರಿಸಿ ಮತ್ತೆ ಮತ್ತೆ ಮಾತ್ರೆ ತರುವುದರಿಂದ ಹುಟ್ಟುವ ಕಾಯಿಲೆ ಇದು. ವೈದ್ಯರನ್ನು ಕೇಳಿ ಆ ಔಷಧ ನಿಲ್ಲಿಸಿದರೆ ಕೆಲವು ವಾರಗಳಿಂದ ತಿಂಗಳುಗಳಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ.

ನಿಜವಾದ ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಆರಂಭವಾಗುತ್ತದೆ. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗುತ್ತದೆ, ಲೋಟ ಹಿಡಿದಾಗ ಕಡಿಮೆಯಾಗುತ್ತದೆ. ಬರೆಯುತ್ತ ಹೋದಂತೆ ಅಕ್ಷರ ಸಣ್ಣದಾಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದಿಲ್ಲ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ಕಾಯಿಲೆಗೆ ಇಂದಿಗೂ ಮುಖ್ಯ ಔಷಧ ಲೆವೊಡೋಪಾ. ನಸುಗುನ್ನಿಯಲ್ಲೂ ಲೆವೊಡೋಪಾ ಇರುವುದು ನಿಜ. ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಎಂಬುದು ಬೀಜದಿಂದ ಬೀಜಕ್ಕೆ ಬದಲಾಗುವುದರಿಂದ ಮಾತ್ರೆಯ ಜೊತೆಗೆ ನೀವೇ ಅದನ್ನು ಸೇರಿಸಿಕೊಳ್ಳಬೇಡಿ. ಮೊದಲು ನಿಮಗೆ ಆ ಕಾಯಿಲೆ ಇದೆಯೆಂದು ತಿಳಿಯಲಿ.

ಪ್ರಶ್ನೆ: ಹತ್ತು ವರ್ಷಗಳಿಂದ ಅರೆತಲೆನೋವು. ಈಚೆಗೆ ದಿನವೂ ನೋವಿನ ಮಾತ್ರೆ ನುಂಗುತ್ತೇನೆ, ಆದರೂ ದಿನವೂ ನೋವು. ಮಿದುಳಿನಲ್ಲಿ ಗಡ್ಡೆ ಇರಬಹುದೇ? ಸ್ಕ್ಯಾನ್ ಬೇಡವೆಂದು ಡಾಕ್ಟರು ಹೇಳಿದ್ದಾರೆ. ನನ್ನ ವಯಸ್ಸು 36. (ಉಳ್ಳಾಲ)

ಉತ್ತರ: ನಿಮ್ಮ ಡಾಕ್ಟರರು ಹೇಳಿದ್ದು ಸರಿಯಾಗಿಯೇ ಇರುವಂತಿದೆ. ಹತ್ತು ವರ್ಷ ಒಂದೇ ಬಗೆಯಲ್ಲಿ ಬಂದು ಹೋಗುವ ನೋವಿನ ಹಿಂದೆ ಗಡ್ಡೆ ಇರುವುದು ತೀರಾ ಅಪರೂಪ. ಈಗಿನ ನಿತ್ಯದ ನೋವಿಗೆ ಮಾತ್ರೆಯೇ ಕಾರಣವಾಗಿರಬಹುದು: ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಸಾಮಾನ್ಯ ನೋವುನಿವಾರಕವನ್ನು ಮೂರು ತಿಂಗಳಿಗೂ ಮೀರಿ ನುಂಗಿದವರಲ್ಲಿ ಮಾತ್ರೆಯೇ ತಲೆನೋವನ್ನು ಉಳಿಸಿಕೊಳ್ಳುತ್ತದೆ. ಅದನ್ನು ನಿಲ್ಲಿಸಿದ ಮೊದಲ ವಾರ ಹೆಚ್ಚು ಕಷ್ಟವಾಗುತ್ತದೆ, ಆಮೇಲೆ ಇಳಿಯುತ್ತದೆ. ನೋವು ಬರದಂತೆ ತಡೆಯುವ ಪ್ರೊಪ್ರನೊಲೊಲ್, ಅಮಿಟ್ರಿಪ್ಟಿಲಿನ್‌ನಂಥ ಔಷಧಗಳಲ್ಲಿ ನಿಮಗೆ ಯಾವುದು ಒಗ್ಗುತ್ತದೆಂದು ಅವರನ್ನೇ ಕೇಳಿ. ಉಪವಾಸ, ನಿದ್ದೆಗೇಡು, ಏಪ್ರಿಲ್ ತಿಂಗಳ ಸೆಕೆ ಇವು ಅರೆತಲೆನೋವನ್ನು ಕೆರಳಿಸುತ್ತವೆ. ನೋವು ಒಂದೇ ನಿಮಿಷದಲ್ಲಿ, ಬದುಕಿನಲ್ಲೇ ಕಾಣದಷ್ಟು ತೀವ್ರವಾಗಿ ಬಂದರೆ, ಜ್ವರ ಮತ್ತು ಕತ್ತಿನ ಬಿಗಿತ ಜೊತೆಗಿದ್ದರೆ, ದೃಷ್ಟಿ ಮಂಜಾದರೆ ಅಥವಾ ಕೈಕಾಲು ಸೋತರೆ ಮಾತ್ರ ಸ್ಕ್ಯಾನ್ ಮಾಡಿಸಲು ತಡಮಾಡಬಾರದು.

ಪ್ರಶ್ನೆ: ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದಿಂದ ಸಾವುಗಳಾಗಿವೆ ಎಂದು ಓದಿ ಮಕ್ಕಳನ್ನು ನೀರಿಗಿಳಿಸಲು ಹೆದರಿಕೆಯಾಗುತ್ತಿದೆ. ಬಾವಿಯ ನೀರು ಕುಡಿಯಬಹುದೇ? (ಪುತ್ತೂರು)

ಉತ್ತರ: ನೈಗ್ಲೇರಿಯಾ ಎಂಬ ಈ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ, ಮೂಗಿನ ಮೂಲಕ ಮಾತ್ರ ಮಿದುಳಿಗೆ ಏರುತ್ತದೆ. ನೀರು ಕುಡಿಯುವುದರಿಂದ ಬರುವುದಿಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಸಮುದ್ರದ ಉಪ್ಪುನೀರಿನಲ್ಲಿ ಇದು ಉಳಿಯುವುದಿಲ್ಲ. ಬೇಸಿಗೆಯಲ್ಲಿ ನಿಂತ ನೀರಿನ ಕೆರೆಗೂ ಕೆಂಪುಕಲ್ಲಿನ ಕೋರೆಯ ಹೊಂಡಕ್ಕೂ ಮಕ್ಕಳು ಧುಮುಕುವುದನ್ನು ತಡೆಯಿರಿ. ಈಜುಕೊಳದಲ್ಲಿ ಕ್ಲೋರಿನ್ ಸರಿಯಾಗಿದೆಯೇ ಎಂದು ವಿಚಾರಿಸಿ. ಸೋಂಕು ತಗಲಿದರೆ ಬದುಕುಳಿಯುವವರು ತೀರಾ ವಿರಳ. 2024ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಬಾಲಕನೊಬ್ಬ ಬದುಕಿದ್ದು ಬೇಗನೆ ಪತ್ತೆಯಾದದ್ದರಿಂದ. ನಮ್ಮ ಕರಾವಳಿಯಲ್ಲಿ ಜ್ವರದ ಜೊತೆ ಮಂಕು ಕವಿಯಲು ಇದಕ್ಕಿಂತ ಬಹಳ ಸಾಮಾನ್ಯ ಕಾರಣಗಳಿವೆ: ಮಿದುಳಿಗೇರಿದ ಫಾಲ್ಸಿಪಾರಂ ಮಲೇರಿಯಾ, ಇಲಿಜ್ವರ, ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಉರಿಯೂತ). ಜ್ವರ ಬಂದ ಮಗು ಅಸಂಬದ್ಧವಾಗಿ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಹಿಂದಿನ ಎರಡು ವಾರಗಳಲ್ಲಿ ಎಲ್ಲಿ ಈಜಿತ್ತು, ಗದ್ದೆಯ ಕೆಸರಿಗೆ ಇಳಿದಿತ್ತೇ ಎಂಬುದನ್ನೂ ಹೇಳಿ.

ಪ್ರಶ್ನೆ: ಪಿಯುಸಿ ಪರೀಕ್ಷೆ ಹತ್ತಿರ ಬಂತು. ನೆನಪಿನ ಶಕ್ತಿಗೆ ಯಾವ ಟಾನಿಕ್ ಒಳ್ಳೆಯದು? (ಮಂಗಳೂರು)

ಉತ್ತರ: ಯಾವುದೂ ಬೇಡ. ದೇಹದ ತೂಕದ 2 ಶೇಕಡಾದಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು 20 ಶೇಕಡಾ ಬಳಸುತ್ತದೆ, ಆದ್ದರಿಂದ ಬೆಳಗಿನ ತಿಂಡಿ ಬಿಡಬೇಡಿ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ನೆನಪಿಗೆ ಒಳ್ಳೆಯದೆಂದು ಮನೆಯಲ್ಲಿ ತಿಮರೆ (ಒಂದೆಲಗ) ಚಟ್ನಿ ಮಾಡಿದರೆ ರುಚಿಗಾಗಿ ತಿನ್ನಿ.

ಪ್ರಶ್ನೆ: ಮಿದುಳಿನ ತೊಂದರೆಗೆ ನರರೋಗ ತಜ್ಞರು, ನರ ಶಸ್ತ್ರಚಿಕಿತ್ಸಕರು, ಮನೋವೈದ್ಯರು ಇವರಲ್ಲಿ ಯಾರನ್ನು ಕಾಣಬೇಕು? (ಬಂಟ್ವಾಳ)

ಉತ್ತರ: ತುರ್ತು ಇಲ್ಲದಿದ್ದರೆ ನಿಮ್ಮ ಕುಟುಂಬ ವೈದ್ಯರಿಂದಲೇ ಆರಂಭಿಸಿ. ಪಾರ್ಶ್ವವಾಯು, ಫಿಟ್ಸ್, ನಡುಕ, ತಲೆನೋವು, ಮರೆಗುಳಿತನ ನರರೋಗ ತಜ್ಞರಿಗೆ. ಗಡ್ಡೆ, ತಲೆಯ ಗಾಯ, ತಲೆಯೊಳಗಿನ ರಕ್ತಸ್ರಾವ ನರ ಶಸ್ತ್ರಚಿಕಿತ್ಸಕರಿಗೆ. ಖಿನ್ನತೆ, ಆತಂಕ, ಭ್ರಮೆ ಮನೋವೈದ್ಯರಿಗೆ. ವಯಸ್ಸಾದವರಲ್ಲಿ ಹೊಸದಾಗಿ ಬಂದ ಸ್ವಭಾವದ ಬದಲಾವಣೆಗೆ ಮೊದಲಿನವರೂ ಕೊನೆಯವರೂ ಇಬ್ಬರೂ ಬೇಕಾಗಬಹುದು. ರಾಜ್ಯ ಸರಕಾರವು ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ಅದರ ಸೌಲಭ್ಯದ ಬಗ್ಗೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಹಳೆಯ ಚೀಟಿಗಳನ್ನೂ, ಈಗ ನುಂಗುತ್ತಿರುವ ಮಾತ್ರೆಗಳ ಹಾಳೆಗಳನ್ನೂ ಒಯ್ಯಿರಿ. ಫಿಟ್ಸ್ ಅಥವಾ ವಿಚಿತ್ರ ಚಲನೆ ಇದ್ದರೆ ಮನೆಯವರು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಲಿ, ಮತ್ತು ಅದನ್ನು ಕಣ್ಣಾರೆ ಕಂಡವರೇ ರೋಗಿಯ ಜೊತೆಗೆ ಬರಲಿ. ನೆರೆಮನೆಯವರು ನೋಡಿದ್ದಾದರೆ ಅವರ ಫೋನ್ ನಂಬರನ್ನಾದರೂ ತನ್ನಿ.